ಟೈಟಲ್ 1: ಬಡ ಮಕ್ಕಳ ಶಾಲೆಗಳಿಗೆ ಅಮೆರಿಕದ ಅನುದಾನ ಮತ್ತು ಪೋಷಕರ ಪಾತ್ರ

ಟೈಟಲ್ 1 ಅಮೆರಿಕ ಸಂಯುಕ್ತ ಸಂಸ್ಥಾನದ 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯ ಮೊದಲ ಭಾಗ. ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಹೆಚ್ಚಾಗಿ ಓದುವ ಶಾಲೆಗಳಿಗೆ ಕೇಂದ್ರ ಸರ್ಕಾರದ ಹಣ ಮುಖ್ಯವಾಗಿ ಹರಿಯುವುದು ಇದರ ಮೂಲಕ. ಆ ಹಣದ ಬಳಕೆಯಲ್ಲಿ ಪೋಷಕರ ಮಾತಿಗೆ ಎಷ್ಟು ಬೆಲೆ ಇರಬೇಕು ಎಂಬುದು ಅಂದಿನಿಂದಲೂ ಇತ್ಯರ್ಥವಾಗದ ಪ್ರಶ್ನೆ.

ಹಿನ್ನೆಲೆ

ಅಮೆರಿಕದಲ್ಲಿ ಶಾಲೆ ನಡೆಸುವ ಹೊಣೆ ರಾಜ್ಯಗಳದು ಮತ್ತು ಸ್ಥಳೀಯ ಶಾಲಾ ಜಿಲ್ಲೆಗಳದು. ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆ, ಜಮೀನಿಗೆ ಬೆಲೆಯಿಲ್ಲದ ಊರಿನಲ್ಲಿ ತೆರಿಗೆಯೂ ಕಡಿಮೆ, ಶಾಲೆಯ ಕೈಯೂ ಬರಿದು. 1964ರಲ್ಲಿ ಬಡತನದ ವಿರುದ್ಧ ಸಮರ ಸಾರಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಕೊರತೆ ನೀಗಿಸಲು ಮುಂದಾದರು. 1928ರಲ್ಲಿ ಟೆಕ್ಸಾಸಿನ ಕಟೂಲಾದಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದ ಅವರು ಆ ಕೊರತೆಯನ್ನು ಕಣ್ಣಾರೆ ಕಂಡಿದ್ದರು. 1965ರ ಏಪ್ರಿಲ್ 11ರಂದು, ತಾವು ಅಕ್ಷರ ಕಲಿತ ಹಳ್ಳಿ ಶಾಲೆಯ ಮುಂದೆ, ತಮ್ಮ ಮೊದಲ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯ್ದೆಗೆ ಸಹಿ ಹಾಕಿದರು. ಟೈಟಲ್ 1ಕ್ಕೆ ಆರಂಭದಲ್ಲಿ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಗೊತ್ತುಮಾಡಲಾಯಿತು.

ಹಣ ಕೊಟ್ಟ ಮಾತ್ರಕ್ಕೆ ಶಾಲೆ ಸುಧಾರಿಸುತ್ತದೆ ಎಂಬ ನಂಬಿಕೆ ಸೆನೆಟರ್ ರಾಬರ್ಟ್ ಕೆನಡಿ ಅವರಿಗೆ ಇರಲಿಲ್ಲ. ಮಕ್ಕಳ ಕಲಿಕೆಯ ಮೌಲ್ಯಮಾಪನ ಕಡ್ಡಾಯವಾಗಬೇಕು, ಅದನ್ನು ಮುಂದಿಟ್ಟು ಪೋಷಕರು ಶಾಲೆಯನ್ನು ಪ್ರಶ್ನಿಸುವಂತಾಗಬೇಕು ಎಂದು ಅವರು ಪಟ್ಟು ಹಿಡಿದರು.

ದುರ್ಬಳಕೆ ಮತ್ತು ಪೋಷಕರ ಮಂಡಳಿಗಳು

ಕೆನಡಿಯವರ ಅನುಮಾನ ನಿಜವಾಯಿತು. ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ 1969ರಲ್ಲಿ ಹೊರತಂದ ವರದಿ, ಬಡ ಮಕ್ಕಳ ಹೆಸರಿನ ಹಣವನ್ನು ಹಲವು ಶಾಲಾ ಜಿಲ್ಲೆಗಳು ಸಾಮಾನ್ಯ ಖರ್ಚಿಗೆ ಬಳಸಿದ್ದನ್ನು ಬಯಲು ಮಾಡಿತು. 1970ರ ತಿದ್ದುಪಡಿ ನಿಯಮವನ್ನು ಬಿಗಿಗೊಳಿಸಿತು: ಕೇಂದ್ರದ ಹಣ ಸ್ಥಳೀಯ ಹಣದ ಜೊತೆಗೆ ಸೇರಬೇಕೇ ಹೊರತು ಅದರ ಬದಲಿಗೆ ಬರಬಾರದು.

1974ರಲ್ಲಿ ಪ್ರತಿ ಶಾಲಾ ಜಿಲ್ಲೆಗೂ, ಅನುದಾನ ಪಡೆಯುವ ಪ್ರತಿ ಶಾಲೆಗೂ ಪೋಷಕರೇ ಬಹುಮತದಲ್ಲಿರುವ ಸಲಹಾ ಮಂಡಳಿ ಕಡ್ಡಾಯವಾಯಿತು. 1978ರ ಕಾಯ್ದೆ ಸದಸ್ಯರಿಗೆ ತರಬೇತಿಯನ್ನೂ ಒದಗಿಸಿತು. ಕೂಲಿ ಮಾಡುವ ತಾಯಿಯೊಬ್ಬಳು ಅಧಿಕಾರಿಗಳ ಎದುರು ಕೂತು ಲೆಕ್ಕ ಕೇಳಲು ಕಾನೂನಿನ ಬಲ ಸಿಕ್ಕಿದ್ದು ಹೀಗೆ. ಟೈಟಲ್ 1ರ ಚರಿತ್ರೆಯಲ್ಲಿ ಪೋಷಕರಿಗೆ ಅತಿ ಹೆಚ್ಚು ಅಧಿಕಾರವಿದ್ದ ಕಾಲ ಇದು.

ಹಿನ್ನಡೆ ಮತ್ತು ಹೊಸ ರೂಪ

ರೊನಾಲ್ಡ್ ರೇಗನ್ ಆಡಳಿತದ 1981ರ ಕಾಯ್ದೆ ಮಂಡಳಿಗಳ ಕಡ್ಡಾಯವನ್ನು ತೆಗೆದುಹಾಕಿತು. ಪೋಷಕರೊಂದಿಗೆ ಸಮಾಲೋಚಿಸಿದರೆ ಸಾಕು ಎಂದಿತು. 1988ರ ತಿದ್ದುಪಡಿ ಪೋಷಕರ ಪಾಲ್ಗೊಳ್ಳುವಿಕೆಗೆ ಮತ್ತೆ ಜಾಗ ಕೊಟ್ಟರೂ ಹಳೆಯ ಮಂಡಳಿಗಳು ಕಡ್ಡಾಯವಾಗಿ ಮರಳಲಿಲ್ಲ. 1994ರಲ್ಲಿ ಶಾಲೆ ಮತ್ತು ಪೋಷಕರ ನಡುವೆ ಲಿಖಿತ ಒಪ್ಪಂದ ಜಾರಿಗೆ ಬಂತು. 5 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಶಾಲಾ ಜಿಲ್ಲೆ ಕನಿಷ್ಠ ಶೇ. 1ರಷ್ಟನ್ನು ಪೋಷಕರ ಚಟುವಟಿಕೆಗೆ ಮೀಸಲಿಡಬೇಕಾಯಿತು. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ಕಾಯ್ದೆ ಶಿಕ್ಷಕರ ಅರ್ಹತೆ ತಿಳಿಯುವ ಹಕ್ಕನ್ನೂ, ಸತತವಾಗಿ ಹಿಂದುಳಿದ ಶಾಲೆಯಿಂದ ಮಗುವನ್ನು ಬೇರೆಡೆ ಸೇರಿಸುವ ಅವಕಾಶವನ್ನೂ ಕೊಟ್ಟಿತು. 2015ರ ಕಾಯ್ದೆ ಪೋಷಕರ ಜೊತೆಗೆ ಕುಟುಂಬವನ್ನೂ ಹೆಸರಿಸಿತು.

ಅಧ್ಯಯನಗಳು

ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ನ್ಯೂ ಹೇವನ್ ನಗರದ ಎರಡು ಬಡ ಶಾಲೆಗಳಲ್ಲಿ ಪೋಷಕರನ್ನು ಆಡಳಿತದಲ್ಲೇ ಸೇರಿಸಿಕೊಂಡು ಆರಂಭಿಸಿದ ಪ್ರಯೋಗ ದೇಶದ ನೂರಾರು ಶಾಲೆಗಳಿಗೆ ಹಬ್ಬಿತು. ಸಮಾಜಶಾಸ್ತ್ರಜ್ಞೆ ಆನೆಟ್ ಲರೂ 1989ರ ತಮ್ಮ ಗ್ರಂಥದಲ್ಲಿ, ದುಡಿಯುವ ವರ್ಗದ ಪೋಷಕರಿಗೂ ಮಕ್ಕಳ ಓದು ಅಷ್ಟೇ ಮುಖ್ಯ, ಆದರೆ ಬಿಡುವು, ಹಣ ಮತ್ತು ಶಿಕ್ಷಕರೊಂದಿಗೆ ಸರಿಸಮನಾಗಿ ಮಾತಾಡುವ ಧೈರ್ಯ ಅವರಿಗೆ ಕಡಿಮೆ ಎಂದು ತೋರಿಸಿದರು. ಸಭೆಗೆ ಬಾರದ ತಂದೆತಾಯಿಗೆ ಕಾಳಜಿಯಿಲ್ಲ ಎಂಬ ಮಾತು ಇದರಿಂದ ಬುಡ ಕಳೆದುಕೊಂಡಿತು.

ಮೌಲ್ಯಮಾಪನ

ಟೈಟಲ್ 1ರ ವಾರ್ಷಿಕ ಅನುದಾನ ಇತ್ತೀಚಿನ ವರ್ಷಗಳಲ್ಲಿ 1,800 ಕೋಟಿ ಡಾಲರ್ ದಾಟಿದೆ. ಆದರೆ ಕುಟುಂಬಗಳಿಗೆ ಕಾನೂನು ಖಚಿತಪಡಿಸಿರುವುದು ಇಂದಿಗೂ ಅದೇ ಶೇ. 1, ಅಂದರೆ 1,000 ಡಾಲರಿಗೆ 10 ಡಾಲರ್. 1965ರಲ್ಲೇ ಹುಟ್ಟಿದ ಶಾಲಾಪೂರ್ವ ಯೋಜನೆ ಹೆಡ್ ಸ್ಟಾರ್ಟ್‌ನ ನೀತಿ ಮಂಡಳಿಗಳಲ್ಲಿ ಈಗಲೂ ಪೋಷಕರದೇ ಬಹುಮತ. ಟೈಟಲ್ 1 ಶಾಲೆಗಳ ಪೋಷಕರು 1981ರಲ್ಲಿ ಕಳೆದುಕೊಂಡ ಆ ಸ್ಥಾನವನ್ನು ಮುಂದಿನ ಯಾವ ಕಾಯ್ದೆಯೂ ಅವರಿಗೆ ಪೂರ್ಣವಾಗಿ ಹಿಂದಿರುಗಿಸಿಲ್ಲ.