ಹಾಟ್ ರಾಡ್ ಬಿಡಿಭಾಗಗಳ ಶೋಧ

ಹಳೆಯ ಅಮೆರಿಕನ್ ಕಾರನ್ನು ಪೂರ್ತಿ ಬಿಚ್ಚಿ, ಬೇರೆ ಎಂಜಿನ್, ಬೇರೆ ಆಕ್ಸಲ್, ಬೇರೆ ಬ್ರೇಕ್ ಕೂಡಿಸಿ ವೇಗಕ್ಕೂ ಚೆಲುವಿಗೂ ಮರುಕಟ್ಟಿದ ವಾಹನವೇ ಹಾಟ್ ರಾಡ್. ಇಂಥ ಕಾರಿಗೆ ತಯಾರಕರು ಕೊಟ್ಟ ಬಿಡಿಭಾಗಗಳ ಪಟ್ಟಿ ಇರುವುದಿಲ್ಲ. ಚಾಸಿ ಒಂದು ವರ್ಷದ್ದು, ಎಂಜಿನ್ ಇನ್ನೊಂದು ಕಂಪನಿಯದು, ಹಿಂದಿನ ದೀಪ ಮತ್ತೊಂದು ಕಾರಿನದು ಆಗಿರುವಾಗ ಅಂಗಡಿಗೆ ಹೋಗಿ ಕಾರಿನ ಹೆಸರು ಹೇಳಿ ಸಾಮಾನು ಕೇಳುವಂತಿಲ್ಲ. ಹಾಗಾಗಿ ಕಟ್ಟುವವರ ಅರ್ಧ ಕೆಲಸ ಹುಡುಕಾಟದಲ್ಲೇ ಕಳೆಯುತ್ತದೆ. ಒಂದು ಭಾಗ ಯಾವ ವರ್ಷದ ಯಾವ ಮಾದರಿಯಲ್ಲಿತ್ತು, ಅದು ಮತ್ತಾವುದಕ್ಕೆ ಕೂರುತ್ತದೆ, ಎಲ್ಲಿ ಕೊರೆಯಬೇಕು, ಎಲ್ಲಿ ವೆಲ್ಡ್ ಮಾಡಬೇಕು ಎಂಬ ತಿಳಿವಳಿಕೆಗೆ ಈ ಹವ್ಯಾಸದಲ್ಲಿ ದುಡ್ಡಿಗಿಂತ ಹೆಚ್ಚು ಬೆಲೆಯಿದೆ.

ಗುಜರಿಯಲ್ಲಿ ಹುಟ್ಟು

ಈ ಹವ್ಯಾಸ ಬೆಳೆದದ್ದು 1920–30ರ ದಶಕಗಳ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಮ್ಯುರಾಕ್‌ನಂಥ ಒಣಗಿದ ಸರೋವರಗಳ ಚಪ್ಪಟೆ ನೆಲದಲ್ಲಿ ಹುಡುಗರು ತಾವು ಕಟ್ಟಿದ ಕಾರುಗಳ ವೇಗ ಪರೀಕ್ಷಿಸುತ್ತಿದ್ದರು. ಈ ಓಟಗಳಿಗೆ ನಿಯಮ ಕಟ್ಟಿಕೊಟ್ಟ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಶನ್ 1937ರಲ್ಲಿ ಹುಟ್ಟಿತು. ಆಗ ಭಾಗಗಳಿಗೆ ಬರವಿರಲಿಲ್ಲ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ಮಾಡೆಲ್ ಟಿ ಕಾರುಗಳನ್ನು ಮಾಡಿ ಮಾರಿತ್ತು. ಅವು ಹಳತಾದ ಮೇಲೆ ಊರೂರಿನ ಗುಜರಿ ಅಂಗಳಗಳಲ್ಲಿ ಬಂದು ಬಿದ್ದವು. 1932ರಲ್ಲಿ ಬಂದ ಫೋರ್ಡ್ ವಿ8 ಎಂಜಿನ್ 221 ಘನ ಅಂಗುಲದ್ದು, 65 ಅಶ್ವಶಕ್ತಿಯದು. ಸಾಮಾನ್ಯರ ಕೈಗೆ ಎಟುಕುವ ಬೆಲೆಯ ಕಾರಿನಲ್ಲಿ ಎಂಟು ಸಿಲಿಂಡರು ಸಿಕ್ಕಿದ್ದು ದೊಡ್ಡ ಸಂಗತಿ. ಅಪಘಾತದಲ್ಲಿ ಜಜ್ಜಿಹೋದ ವಿ8 ಕಾರಿನ ಎಂಜಿನನ್ನು ತೆರೆದ ಒಡಲಿನ ಹಗುರವಾದ ಹಳೆಯ ರೋಡ್‌ಸ್ಟರ್‌ಗೆ ಇಳಿಸುವುದು ಹಾಟ್ ರಾಡಿನ ಮೂಲ ಸೂತ್ರವಾಯಿತು.

ಎರಡನೆಯ ಮಹಾಯುದ್ಧ ಈ ಸಮೃದ್ಧಿಗೆ ಪೆಟ್ಟು ಕೊಟ್ಟಿತು. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತಿತು. ಯುದ್ಧಕ್ಕೆ ಕಬ್ಬಿಣ ಒಟ್ಟುಮಾಡುವ ಅಭಿಯಾನಗಳಲ್ಲಿ ಹಳೆಯ ಕಾರುಗಳು ಕುಲುಮೆ ಸೇರಿದವು. ಆದರೆ ಯುದ್ಧ ಮುಗಿದ ಮೇಲೆ ಸೇನೆಯ ಉಳಿಕೆ ಸಾಮಾನು ಅಗ್ಗಕ್ಕೆ ಬಂತು: ವಿಮಾನದ ಆಸನ, ಅಳತೆಯ ಮಾಪಕ, ಕಾಲು ಸುತ್ತು ತಿರುಗಿಸಿದರೆ ಬಿಗಿಯುವ ಜೂಸ್ ಬಿರಡೆ. 1946ರಲ್ಲಿ ಬಿಲ್ ಬರ್ಕ್ ಎಂಬ ಓಟಗಾರ ಯುದ್ಧವಿಮಾನದ ಹೊಟ್ಟೆಯಡಿ ತೂಗುಹಾಕುತ್ತಿದ್ದ ಇಂಧನ ಟ್ಯಾಂಕನ್ನೇ ಕಾರಿನ ಒಡಲಾಗಿ ಮಾಡಿದ. ಗಾಳಿ ಸೀಳಲೆಂದೇ ರೂಪಿಸಿದ ಆ ಟ್ಯಾಂಕಿಗಿಂತ ಒಳ್ಳೆಯ ಒಡಲನ್ನು ಗ್ಯಾರೇಜಿನಲ್ಲಿ ತಗಡು ಬಡಿದು ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ.

ಸ್ಪೀಡ್ ಶಾಪ್ ಮತ್ತು ಕ್ಯಾಟಲಾಗ್

ಗುಜರಿಯಲ್ಲಿ ಸಿಗದ ವೇಗದ ಸಾಮಾನಿಗೆ ಸ್ಪೀಡ್ ಶಾಪ್ ಎಂಬ ಅಂಗಡಿಗಳು ಹುಟ್ಟಿದವು. ಲಾಸ್ ಏಂಜಲಿಸ್ ಬಳಿಯ ಬೆಲ್ ಆಟೋ ಪಾರ್ಟ್ಸ್ ಇವುಗಳಲ್ಲಿ ಹೆಸರಾದದ್ದು. ಬೆಲ್ ಹೆಲ್ಮೆಟ್ ಬಂದದ್ದೂ ಇಲ್ಲಿಂದಲೇ. ವಿಕ್ ಎಡೆಲ್‌ಬ್ರಾಕ್ ತನ್ನ ಕಾರಿಗೆಂದು ಮಾಡಿಸಿದ ಮ್ಯಾನಿಫೋಲ್ಡನ್ನು ಬೇರೆಯವರು ಕೇಳತೊಡಗಿದಾಗ ಮಾರಾಟಕ್ಕಿಳಿದ. ಎಡ್ ಇಸ್ಕೆಂಡೆರಿಯನ್ ಕ್ಯಾಮ್ ಶಾಫ್ಟ್‌ಗಳನ್ನು ಬೇಕಾದ ಆಕಾರಕ್ಕೆ ಸಾಣೆ ಹಿಡಿದುಕೊಡುತ್ತಿದ್ದ. 1948ರ ಜನವರಿಯಲ್ಲಿ ಹೊರಟ ಹಾಟ್ ರಾಡ್ ಪತ್ರಿಕೆ ಇವರ ಜಾಹೀರಾತುಗಳನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ನೆಬ್ರಾಸ್ಕದ ಲಿಂಕನ್ ಊರಿನಲ್ಲಿ 1952ರಲ್ಲಿ ಶುರುವಾದ ಸ್ಪೀಡ್‌ವೇ ಮೋಟರ್ಸ್ ಇಂದಿಗೂ ಅಂಚೆಯಲ್ಲಿ ಸಾಮಾನು ಕಳಿಸುತ್ತದೆ. ಷಿಕಾಗೋದ ಜೆ.ಸಿ. ವಿಟ್ನಿಯ ಮೂಲ 1915ರ ಒಂದು ಗುಜರಿ ಅಂಗಡಿ. 1954ರಲ್ಲಿ ಆರಂಭವಾದ ಹೆಮಿಂಗ್ಸ್ ಮೋಟರ್ ನ್ಯೂಸ್ ಹೆಚ್ಚುಕಡಿಮೆ ಬರೀ ಸಣ್ಣ ಜಾಹೀರಾತುಗಳ ಪತ್ರಿಕೆ. ಅದರ ಪುಟಗಳಲ್ಲಿ ಒಬ್ಬನ ಕೊಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಬಾಗಿಲು ಇನ್ನೊಬ್ಬನಿಗೆ ಸಿಗುತ್ತಿತ್ತು.

ಯಾವುದಕ್ಕೆ ಯಾವುದು ಕೂರುತ್ತದೆ

ಗುಜರಿ ವ್ಯಾಪಾರಿಗಳ ಆಧಾರಗ್ರಂಥ ಹಾಲಂಡರ್ ಇಂಟರ್‌ಚೇಂಜ್ ಕೈಪಿಡಿ. 1934ರಿಂದ ಬರುತ್ತಿರುವ ಇದು ಯಾವ ಕಾರಿನ ಭಾಗ ಬೇರೆ ಯಾವ ಕಾರುಗಳಿಗೆ ಹಾಗೆಯೇ ಹೊಂದುತ್ತದೆ ಎಂಬುದನ್ನು ಸಂಖ್ಯೆ ಕೊಟ್ಟು ಪಟ್ಟಿಮಾಡುತ್ತದೆ. ಹಾಟ್ ರಾಡ್ ಕಟ್ಟುವವರಿಗೆ ಇದು ಮೊದಲ ಮೆಟ್ಟಿಲಷ್ಟೇ. ಹಾಗೆಯೇ ಹೊಂದುವುದು ಮಾತ್ರವಲ್ಲ, ಸ್ವಲ್ಪ ತಿದ್ದಿದರೆ ಹೊಂದುವುದೂ ಅವರಿಗೆ ಬೇಕು, ಮತ್ತು ಈ ಎರಡನೆಯ ಜ್ಞಾನ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು.

ಬ್ರೇಕಿನ ಉದಾಹರಣೆ ನೋಡಬಹುದು. ಫೋರ್ಡ್ 1938ರವರೆಗೂ ಸರಳು, ಕೇಬಲ್ಲುಗಳ ಯಾಂತ್ರಿಕ ಬ್ರೇಕನ್ನೇ ಹಿಡಿದುಕೊಂಡಿತ್ತು. 1939ರಲ್ಲಿ ಹೈಡ್ರಾಲಿಕ್ ಬಂತು. 1939ರಿಂದ 48ರ ನಡುವಿನ ಬ್ರೇಕುಗಳನ್ನು ಅಲ್ಪ ತಿದ್ದುಪಡಿಯಿಂದ 1932ರ ಕಾರಿಗೆ ಕೂರಿಸಬಹುದು ಎಂದು ಗೊತ್ತಾದ ಕೂಡಲೇ ಆ ವರ್ಷಗಳ ಸಾದಾ ಸೆಡಾನುಗಳು ಬ್ರೇಕಿಗಾಗಿಯೇ ಬಲಿಯಾದವು. 1939ರ ಗೇರ್ ಬಾಕ್ಸ್, ಲಿಂಕನ್ ಜೆಫರ್ ಕಾರಿನ ಗೇರುಗಳು, ಸ್ಟ್ರಾಂಬರ್ಗ್ 97 ಕಾರ್ಬುರೇಟರ್ ಎಲ್ಲವೂ ಇದೇ ದಾರಿಯಲ್ಲಿ ಬೇಡಿಕೆಗೆ ಬಂದವು. 97 ಎಂಬುದು ಆ ಕಾರ್ಬುರೇಟರಿನ ಗಂಟಲಿನ ಅಳತೆ, ಅಂದರೆ 0.97 ಅಂಗುಲ.

ಹಿಂದಿನ ಆಕ್ಸಲ್‌ಗೆ ಎಲ್ಲರೂ ಹುಡುಕುವುದು ಫೋರ್ಡ್ 9 ಇಂಚನ್ನು. 1957ರಿಂದ 1986ರವರೆಗೆ ತಯಾರಾದ ಇದು ಭಾರಿ ಎಂಜಿನ್ನಿನ ಹೊಡೆತ ತಾಳುತ್ತದೆ, ಮತ್ತು ಇದರ ಗೇರುಗಳ ಗಡ್ಡೆಯನ್ನು ಮುಂಬದಿಯಿಂದ ಇಡಿಯಾಗಿ ಹೊರತೆಗೆಯಬಹುದು. ತೊಡಕಿರುವುದು ಅಗಲದಲ್ಲಿ. ಟ್ರಕ್ಕಿನದು ಹಳೆಯ ಕಾರಿನ ಮಡ್‌ಗಾರ್ಡಿನ ಹೊರಗೆ ಚಾಚುತ್ತದೆ. 1957–59ರ ಫೋರ್ಡ್ ಕಾರಿನದು ಸುಮಾರು 57 ಅಂಗುಲವಿದ್ದು ಕತ್ತರಿಸದೆ ಕೂರುತ್ತದೆ. 1970ರ ದಶಕದ ಕೊನೆಯ ಲಿಂಕನ್ ವರ್ಸಾಯ್ ಮಾದರಿಯಲ್ಲಿ ಹಿಂದೆಯೂ ಡಿಸ್ಕ್ ಬ್ರೇಕ್ ಇತ್ತು. ಹೊಸದಾಗಿದ್ದಾಗ ಅಷ್ಟಾಗಿ ಮಾರಾಟವಾಗದ ಆ ಕಾರನ್ನು ಗುಜರಿಯಲ್ಲಿ ಮಾತ್ರ ಜನ ಮುಗಿಬಿದ್ದು ಹುಡುಕಿದರು. ಮಸ್ಟಾಂಗ್ 2ರ ಕಥೆಯೂ ಇಂಥದ್ದೇ. 1974–78ರ ಆ ಕಾರನ್ನು ಮಸ್ಟಾಂಗ್ ಅಭಿಮಾನಿಗಳು ಇವತ್ತಿಗೂ ಮೂದಲಿಸುತ್ತಾರೆ. ಅದರ ಮುಂಭಾಗದ ಸಸ್ಪೆನ್ಶನ್ ಮಾತ್ರ ಹಾಟ್ ರಾಡುಗಳಲ್ಲಿ ಎಷ್ಟು ಬಳಕೆಯಾಯಿತೆಂದರೆ, ಮೂಲ ಕಾರುಗಳು ತೀರಿದ ಮೇಲೆ ಅದೇ ವಿನ್ಯಾಸವನ್ನು ಹತ್ತಾರು ಕಂಪನಿಗಳು ಹೊಸದಾಗಿ ತಯಾರಿಸತೊಡಗಿದವು.

ಗುರುತಿಗೆ ಲೋಹದ ಮೇಲಿನ ಅಂಕಿಗಳೇ ಆಧಾರ. ಹಳೆಯ ಫೋರ್ಡ್ ಭಾಗಗಳ ಸಂಖ್ಯೆ 18ರಿಂದ ಶುರುವಾದರೆ 1932ರ ವಿ8ಗೆ ರೂಪಿಸಿದ್ದು, 40 ಇದ್ದರೆ 1933–34, 78 ಇದ್ದರೆ 1937, 8ಬಿಎ ಇದ್ದರೆ 1949ರಿಂದ ಮುಂದಿನದು. ಷೆವ್ರೊಲೆ ವಿ8 ಬ್ಲಾಕಿನ ಹಿಂಬದಿಯಲ್ಲಿ, ಗೇರ್ ಬಾಕ್ಸ್ ಸೇರುವ ಅಂಚಿನ ಮೇಲೆ, ಅಚ್ಚಿನ ಸಂಖ್ಯೆ ಉಬ್ಬಿರುತ್ತದೆ. 3970010 ಎಂದಿದ್ದರೆ ಬಹುತೇಕ ಅದು 350 ಘನ ಅಂಗುಲದ ಬ್ಲಾಕ್. ಪಕ್ಕದ ಅಕ್ಷರ ಎರಕ ಹೊಯ್ದ ತಿಂಗಳನ್ನು ಹೇಳುತ್ತದೆ. ಎ ಎಂದರೆ ಜನವರಿ. ಜಿಡ್ಡು ಉಜ್ಜಿ ಈ ಅಂಕಿ ಓದದೆ ಮಾರುವವರ ಮಾತು ನಂಬಿ ಎಂಜಿನ್ ಕೊಳ್ಳುವುದು ಜಾಣತನವಲ್ಲ.

ಅಲಂಕಾರದ ಭಾಗಗಳಲ್ಲಿ ಹೊಂದಿಕೆಯ ಲೆಕ್ಕಕ್ಕಿಂತ ಕಣ್ಣು ಮುಖ್ಯ. ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರು ಕಟ್ಟಿದ ಹಿರೊಹಾಟ ಮರ್ಕ್ 1951ರ ಮರ್ಕ್ಯುರಿ ಕಾರು. ಅದರ ಪಕ್ಕದ ಹೊಳೆಪಟ್ಟಿ 1952ರ ಬ್ಯೂಕಿನದು, ಹಿಂದಿನ ದೀಪ ಲಿಂಕನ್ನಿನದು. ಬೇರೆಬೇರೆ ಕಾರುಗಳಿಂದ ಕಿತ್ತು ತಂದದ್ದೆಂದು ಹೇಳದೆ ತಿಳಿಯದಷ್ಟು ಚೆನ್ನಾಗಿ ಅವು ಕೂಡಿಕೊಂಡಿವೆ. 2022ರ ಹರಾಜಿನಲ್ಲಿ ಈ ಕಾರು 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು.

ಒಡೆಯದ ಬ್ಲಾಕಿನ ಹುಡುಕಾಟ

ಸಂಪ್ರದಾಯಸ್ಥ ಕಟ್ಟುಗರಿಗೆ ಇಂದು ಕಷ್ಟದ ವಸ್ತು ಬಿರುಕಿಲ್ಲದ ಫೋರ್ಡ್ ಫ್ಲಾಟ್‌ಹೆಡ್ ಬ್ಲಾಕ್. 1932ರಲ್ಲಿ ಬಂದ ಆ ವಿ8 ಇದೇ; ಇದರ ವಾಲ್ವುಗಳು ಬ್ಲಾಕಿನೊಳಗೇ ಇವೆ. ಸುಟ್ಟ ಅನಿಲ ಹೊರಬರಲು ಬ್ಲಾಕಿನ ನೀರಿನ ಕವಚದ ನಡುವೆಯೇ ಹಾಯಬೇಕು. ನಾಲ್ಕು ಸಿಲಿಂಡರಿನ ಸಾಲಿಗೆ ಮೂರೇ ದ್ವಾರ, ನಡುವಿನ ಎರಡಕ್ಕೆ ಒಂದೇ ದಾರಿ. ಹಾಗಾಗಿ ಎಂಜಿನ್ ಬೇಗ ಕಾಯುತ್ತದೆ, ವಾಲ್ವು ಮತ್ತು ಸಿಲಿಂಡರಿನ ನಡುವೆ ಬಿರುಕು ಬಿಡುತ್ತದೆ. ಅಮೆರಿಕದ ಕಾರುಗಳಲ್ಲಿ ಇದು 1953ಕ್ಕೆ ನಿಂತದ್ದರಿಂದ ಸಿಗುವ ಬ್ಲಾಕುಗಳಿಗೆಲ್ಲ ಎಪ್ಪತ್ತು ದಾಟಿದೆ. ಅನುಭವಿಗಳು ದುಡ್ಡು ಕೊಡುವ ಮುಂಚೆ ಕಾಂತೀಯ ಪುಡಿಯಿಂದ ಬಿರುಕು ಪರೀಕ್ಷೆ ಮಾಡಿಸುತ್ತಾರೆ.

ಪರಿಹಾರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಫೋರ್ಡ್ ತನ್ನ ಫ್ರಾನ್ಸಿನ ಶಾಖೆಯನ್ನು 1954ರಲ್ಲಿ ಸಿಮ್ಕಾ ಕಂಪನಿಗೆ ಮಾರಿದಾಗ ಈ ಎಂಜಿನ್ನೂ ಜೊತೆಗೆ ಹೋಯಿತು. ಸಿಮ್ಕಾ ಅದರ ಚಿಕ್ಕ ರೂಪವನ್ನು ಕಾರಿಗೆ ಬಳಸಿತು. ಮುಂದೆ ಫ್ರೆಂಚ್ ಸೇನೆಯ ಟ್ರಕ್ಕುಗಳಲ್ಲಿ 239 ಘನ ಅಂಗುಲದ ದೊಡ್ಡ ಎಂಜಿನ್ ಓಡಿತು. ಸೇನೆಯ ಉಗ್ರಾಣಗಳಿಂದ ಹೊರಬಿದ್ದ ಆ ಎಂಜಿನ್ನುಗಳು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬಂದವು. ಅವುಗಳ ಎರಕ ಮೂಲಕ್ಕಿಂತ ಚೆನ್ನಾಗಿದೆ ಎಂಬುದು ಬಳಸಿದವರ ಸಾಮಾನ್ಯ ಅಭಿಪ್ರಾಯ.

ಸ್ವಾಪ್ ಮೀಟ್

ಹಳೆಯ ಭಾಗಗಳ ಸಂತೆಗೆ ಸ್ವಾಪ್ ಮೀಟ್ ಎನ್ನುತ್ತಾರೆ. ಪೆನ್ಸಿಲ್ವೇನಿಯದ ಹರ್ಷಿ ಊರಿನಲ್ಲಿ 1955ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಮೇಳದಲ್ಲಿ ಸಾವಿರಾರು ಮಂದಿ ಸಾಮಾನು ಹರವಿ ಕೂರುತ್ತಾರೆ. ಕ್ಯಾಲಿಫೋರ್ನಿಯದ ಪೊಮೋನಾ ಸಂತೆ ನಸುಕಿನಲ್ಲೇ ಶುರು. ಟಾರ್ಚ್ ಹಿಡಿದು ಬಂದವರಿಗೆ ಒಳ್ಳೆಯದು ಸಿಗುತ್ತದೆ. ಡಬ್ಬಿ ಒಡೆಯದ ಹಳೆಯ ದಾಸ್ತಾನಿಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ರಬ್ಬರಿನ ವಸ್ತುವಾದರೆ ಅದು ಡಬ್ಬಿಯಲ್ಲೇ ಮುದಿಯಾಗಿರುವ ಸಂಭವವೂ ಇದೆ.

ಹೊಸದಾಗಿ ಮಾಡಿದ ಹಳತು

ಒಹಾಯೋದ ಬ್ರೂಕ್‌ವಿಲ್ ಸಂಸ್ಥೆ ಮಾಡೆಲ್ ಎ ಮತ್ತು 1932ರ ಫೋರ್ಡ್ ರೋಡ್‌ಸ್ಟರ್‌ಗಳ ಒಡಲನ್ನು ಉಕ್ಕಿನ ತಗಡಿನಲ್ಲಿ ಹೊಸದಾಗಿ ಒತ್ತುತ್ತದೆ. ಚಾಸಿ, ಗ್ರಿಲ್, ಕಾರ್ಬುರೇಟರ್ ಎಲ್ಲ ಹೊಸದಾಗಿ ಬರುತ್ತಿರುವುದರಿಂದ ಹೆನ್ರಿ ಫೋರ್ಡ್ ಕಾಲದ ಒಂದು ಬೋಲ್ಟೂ ಇಲ್ಲದ 1932ರ ಫೋರ್ಡ್ ಕಟ್ಟಬಹುದು. ಹೀಗೆ ಜನಪ್ರಿಯ ಮಾದರಿಗಳ ದೊಡ್ಡ ಭಾಗಗಳಿಗೆ ಅಷ್ಟಾಗಿ ಬರವಿಲ್ಲ. ಹಡ್ಸನ್, ಡಿಸೋಟೊದಂಥ ನಿಂತುಹೋದ ಕಂಪನಿಗಳ ಕಾರು ಹಿಡಿದವರಿಗೆ ಮಾತ್ರ ಗಾಜು ಏರಿಸುವ ಯಂತ್ರದಿಂದ ಹಿಡಿದು ಬಾಗಿಲಿನ ರಬ್ಬರಿನವರೆಗೆ ಎಲ್ಲವೂ ಕಷ್ಟ. ಅಚ್ಚು ಮಾಡಿಸುವಷ್ಟು ಗಿರಾಕಿಗಳಿಲ್ಲ.

ಬಳಕೆಯ ಸಾಮಗ್ರಿಗಳು

ಭಾಗಗಳಿಗಿಂತ ಸಾಮಗ್ರಿಗಳ ಕೊರತೆ ಸದ್ದಿಲ್ಲದೆ ಬರುತ್ತದೆ. 2004ರ ನಂತರದ ಎಂಜಿನ್ ಆಯಿಲ್‌ಗಳಲ್ಲಿ ಹೊಗೆ ಶುದ್ಧೀಕರಿಸುವ ಪರಿವರ್ತಕದ ರಕ್ಷಣೆಗೆಂದು ಸತು–ರಂಜಕದ ಅಂಶ ಇಳಿಸಲಾಯಿತು. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನ್ನಿಗೆ ಆ ಅಂಶ ಬೇಕೇಬೇಕು. ಇಲ್ಲದಿದ್ದರೆ ಕ್ಯಾಮ್ ಸವೆಯುತ್ತದೆ. ಹಳೆಯ ಬಯಾಸ್-ಪ್ಲೈ ಟೈರುಗಳನ್ನು ಟೆನೆಸಿಯ ಕೋಕರ್ ಟೈರ್ ಹಳೆಯ ಹೆಸರುಗಳಲ್ಲೇ ಮಾಡಿ ಕೊಡುತ್ತದೆ. ಕ್ರೋಮ್ ಲೇಪನಕ್ಕೆ ಮುಂದಿನ ದಿನಗಳು ಬಿಗಿ. ಲೇಪನದ ತೊಟ್ಟಿಯಿಂದ ಏಳುವ ಹೆಕ್ಸಾವಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವುದರಿಂದ, ಅಲಂಕಾರದ ಲೇಪನದಲ್ಲಿ ಅದನ್ನು 2027–2030ರೊಳಗೆ ನಿಲ್ಲಿಸಬೇಕೆಂದು ಕ್ಯಾಲಿಫೋರ್ನಿಯ 2023ರಲ್ಲಿ ನಿಯಮ ಮಾಡಿತು. ಆಸನದ ಹೊದಿಕೆಗಳಿಗೆ ಹೆಸರಾಗಿದ್ದ ಮ್ಯಾಸಚೂಸೆಟ್ಸಿನ ಲೆಬ್ಯಾರನ್ ಬಾನಿ 2019ರಲ್ಲಿ ಬಾಗಿಲು ಹಾಕಿತು.

ದಾಖಲೆ

ಸಾಮಾನು ಸಿಕ್ಕಿದರೂ ಕಾಗದ ಸಿಗಬೇಕು. 1932ರ ಫೋರ್ಡಿನ ಸಂಖ್ಯೆಯನ್ನು ಚಾಸಿಯ ಎಡ ಪಟ್ಟಿಯ ಮೇಲೆ ಒತ್ತಿರುತ್ತಾರೆ. ಆ ಚಾಸಿಯೂ ಅದರ ಕಾಗದವೂ ಜೊತೆಗಿದ್ದರೆ ಕಾರು 1932ರದೇ. ಎಲ್ಲವೂ ಹೊಸದಾದರೆ ವಿಶೇಷವಾಗಿ ನಿರ್ಮಿಸಿದ ವಾಹನವೆಂದು ನೋಂದಾಯಿಸಬೇಕು. ಕ್ಯಾಲಿಫೋರ್ನಿಯ ಇಂಥವುಗಳಲ್ಲಿ ವರ್ಷಕ್ಕೆ ಮೊದಲ 500 ಕಾರುಗಳಿಗೆ ಹೊಗೆ ನಿಯಮದಲ್ಲಿ ರಿಯಾಯಿತಿ ಕೊಡುತ್ತದೆ.

ಭಾರತದ ಸಂದರ್ಭ

ಫೋರ್ಡ್ 1926ರಲ್ಲಿ ಭಾರತದಲ್ಲಿ ಕಂಪನಿ ಸ್ಥಾಪಿಸಿ ಮುಂಬಯಿ, ಮದರಾಸು, ಕಲ್ಕತ್ತಗಳಲ್ಲಿ ಬಲಗೈ ಚಾಲನೆಯ ಕಾರುಗಳನ್ನು ಜೋಡಿಸುತ್ತಿತ್ತು. ಹಾಗಾಗಿ ಕರ್ನಾಟಕದ ಹಳೆಯ ಕಾರು ಸಂಗ್ರಾಹಕರಲ್ಲೂ ಆ ಕಾಲದ ಫೋರ್ಡುಗಳಿವೆ, ಅವುಗಳ ಭಾಗಗಳಿಗೆ ಅಮೆರಿಕದ ಕ್ಯಾಟಲಾಗ್‌ಗಳೇ ಗತಿ. ಸ್ಟಿಯರಿಂಗಿನ ಜೋಡಣೆಯಂಥ ಬಲಗೈ ಚಾಲನೆಯ ಭಾಗಗಳು ಅಲ್ಲಿ ಅಪರೂಪವಾದ್ದರಿಂದ ಆಸ್ಟ್ರೇಲಿಯ, ಇಂಗ್ಲೆಂಡುಗಳ ಕಡೆ ನೋಡಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ ಇಲ್ಲಿಯ ಹುಡುಕಾಟದ ನೆಲೆಗಳು. ಸಿಗದ ಬುಷ್ಷನ್ನೋ ಪಿನ್ನನ್ನೋ ಲೇತ್‌ನಲ್ಲಿ ಕಡೆಸಿಕೊಳ್ಳುವುದು ಇಲ್ಲಿ ಆಮದಿಗಿಂತ ಅಗ್ಗ.

ಆದರೆ ಅಮೆರಿಕದ ಅರ್ಥದಲ್ಲಿ ಹಾಟ್ ರಾಡ್ ಕಟ್ಟಿ ಇಲ್ಲಿಯ ರಸ್ತೆಗೆ ಇಳಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 50 ವರ್ಷ ದಾಟಿದ ಕಾರುಗಳಿಗೆ ವಿಎ ಸರಣಿಯ ನೋಂದಣಿ ಸಂಖ್ಯೆ ಕೊಡುವ 2021ರ ನಿಯಮವೂ ಚಾಸಿ, ಒಡಲು, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದೆನ್ನುತ್ತದೆ.