ಟಿ.ಸಿ. ಕೊಟ್ಟ ಮೇಲೆ ಮುಗಿಯಿತೇ? ಹಳೆಯ ವಿದ್ಯಾರ್ಥಿಯ ಹಿಂಸೆ ಮತ್ತು ಶಾಲೆಯ ಹೊಣೆ

ಕಳೆದ ಗೋಷ್ಠಿಯ ಕೊನೆಗೆ ಒಂದು ಪ್ರಶ್ನೆ ಹಾಗೇ ಉಳಿದುಹೋಯಿತು. ಶಾಲೆ ಬಿಟ್ಟ ಹುಡುಗನೊಬ್ಬ ಮುಂದೆ ಯಾರನ್ನೋ ಹೊಡೆದ, ಕೊಂದ ಅಂತಿಟ್ಟುಕೊಳ್ಳಿ. ಅವನು ಓದಿದ ಶಾಲೆಗೂ ಅದರಲ್ಲಿ ಪಾಲಿದೆಯೇ? ಅರ್ಧ ಜನ “ಬಿಟ್ಟು ಹೋದವನಿಗೆ ಶಾಲೆ ಏನು ಮಾಡುತ್ತೆ?” ಅಂದರು. ಇನ್ನರ್ಧ ಜನ “ಗೊತ್ತಿದ್ದೂ ಸುಮ್ಮನಿದ್ದರಲ್ಲ?” ಅಂದರು. ಇವತ್ತು ಈ ಪ್ರಶ್ನೆಯನ್ನು ಇತಿಹಾಸದ ಕಡೆಯಿಂದ ನೋಡುತ್ತೇನೆ. ನಾನು ಕಲ್ಯಾಣದುರ್ಗದ ಹತ್ತಿರದ ಸೆಟ್ಟೂರು ಕಡೆಯವನು. ನಮ್ಮ ಅನಂತಪುರ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮದ್ರಾಸ್ ಪ್ರಾಂತ್ಯದ ಸರ್ಕಾರಿ ಸುಧಾರಣಾ ಶಾಲೆ ಚೆಂಗಲ್ಪಟ್ಟಿನಲ್ಲಿ 1887ರಲ್ಲಿ ಆರಂಭವಾಯಿತು. 1897ರ ಸುಧಾರಣಾ ಶಾಲೆಗಳ ಕಾಯ್ದೆ ಪ್ರಕಾರ 15 ವರ್ಷದೊಳಗಿನ ಅಪರಾಧಿ ಹುಡುಗನನ್ನು ಜೈಲಿನ ಬದಲು ಇಂಥ ಶಾಲೆಯಲ್ಲಿ 3ರಿಂದ 7 ವರ್ಷ ಇಡಬಹುದಿತ್ತು. ಆದರೆ 18 ತುಂಬಿದ ಮೇಲೆ ಇಟ್ಟುಕೊಳ್ಳುವಂತಿರಲಿಲ್ಲ. ಅಂದರೆ ಗೋಡೆಯೊಳಗೆ ಇದ್ದಷ್ಟು ದಿನ ಹುಡುಗನ ಊಟ, ಕೆಲಸ, ನಿದ್ದೆ ಎಲ್ಲದರ ಮೇಲೂ ಶಾಲೆಯ ಅಧಿಕಾರ. 18 ತುಂಬಿದ ದಿನ ಆ ಅಧಿಕಾರ ಪೂರ್ತಿ ಮುಗಿಯುತ್ತಿತ್ತು. ಅಧಿಕಾರ ಮುಗಿದಾಗ ಹೊಣೆಯೂ ಮುಗಿಯುತ್ತದೆಯೇ? ನಮ್ಮ ಪ್ರಶ್ನೆಯ ಹಳೆಯ ರೂಪ ಇದು.

ಎರಡನೆಯ ಉದಾಹರಣೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಡುಗಡೆಯೇ ಇಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮೊದಲು ಉತ್ತರ ಭಾರತದಲ್ಲಿತ್ತು. 1911ರ ಕಾಯ್ದೆಯ ಮೂಲಕ ಮದ್ರಾಸ್, ಮುಂಬಯಿ ಪ್ರಾಂತ್ಯಗಳಿಗೂ ಬಂತು. ಕೊರವರಂಥ ಅನೇಕ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪೊಲೀಸ್ ಪಟ್ಟಿಗೆ ಸೇರಿದವು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ‘ಸೆಟ್ಲಮೆಂಟ್’ ಅಂತಲೇ ಹೆಸರು. ಈ ಕಾಯ್ದೆಯ 17ನೇ ಕಲಮನ್ನು ನಾವು ಗಮನವಿಟ್ಟು ಓದಬೇಕು. 6ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಕೈಗಾರಿಕಾ, ಕೃಷಿ ಅಥವಾ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು. ಮಗು ಏನೂ ಮಾಡಿರಬೇಕಾಗಿರಲಿಲ್ಲ. ಮುಂದೆ ಮಾಡಬಹುದು ಅನ್ನುವ ಅನುಮಾನವೇ ಸಾಕಾಗಿತ್ತು. ಶಾಲೆ ಕಲಿಸುವ ಜಾಗದ ಬದಲು ಕಾಯುವ ಜಾಗವಾಯಿತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಹೆಸರಿಗೆ ಅಂಟಿದ ಕಳಂಕ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಇನ್ನು ಮೂರನೆಯದು ದೂರದ್ದು. ಆದರೆ ಶಾಲೆ ಹುಡುಗನನ್ನು ಹೊರಗೆ ಹಾಕುವ ಆ ಗಳಿಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಘಟನೆ ನನಗೆ ಬೇರೆ ಸಿಕ್ಕಿಲ್ಲ. ಜರ್ಮನಿಯ ಎರ್ಫುರ್ಟ್ ನಗರದ ಗುಟೆನ್‌ಬರ್ಗ್ ಶಾಲೆಯಲ್ಲಿ 2002ರ ಏಪ್ರಿಲ್ 26ರಂದು 19 ವರ್ಷದ ಹಳೆಯ ವಿದ್ಯಾರ್ಥಿಯೊಬ್ಬ 16 ಜನರನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಸತ್ತವರಲ್ಲಿ ಹೆಚ್ಚಿನವರು ಶಿಕ್ಷಕರು. ಸುಳ್ಳು ವೈದ್ಯಕೀಯ ಪತ್ರ ಕೊಟ್ಟಿದ್ದಕ್ಕೆ ಅವನನ್ನು ಹಿಂದಿನ ವರ್ಷವೇ ಶಾಲೆಯಿಂದ ತೆಗೆದುಹಾಕಿದ್ದರು. ಅವನಿಗೆ 18 ದಾಟಿದ್ದರಿಂದ ಮನೆಗೆ ತಿಳಿಸಬೇಕು ಅಂತ ನಿಯಮ ಇರಲಿಲ್ಲ. ಮಗ ದಿನಾ ಶಾಲೆಗೆ ಹೋಗ್ತಿದ್ದಾನೆ ಅಂತಲೇ ತಂದೆತಾಯಿ ನಂಬಿದ್ದರು. ಇನ್ನೊಂದು ವಿಷಯ: ಆ ತ್ಯೂರಿಂಗಿಯಾ ರಾಜ್ಯದಲ್ಲಿ ಅಂಥ ಶಾಲೆಯ ಕೊನೆಯ ಪರೀಕ್ಷೆಗೆ ಮೊದಲೇ ಹೊರಬಿದ್ದವನ ಕೈಯಲ್ಲಿ ಯಾವ ಅರ್ಹತಾ ಪತ್ರವೂ ಇರುತ್ತಿರಲಿಲ್ಲ. ಅಷ್ಟು ವರ್ಷ ಓದಿಯೂ ಬರಿಗೈ.

ಕೊಂದವನು ಅವನೇ. ಇದನ್ನು ಎಲ್ಲೂ ಮಸುಕು ಮಾಡಬಾರದು. ಕಷ್ಟಪಟ್ಟ ಹುಡುಗರೆಲ್ಲ ಬಂದೂಕು ಹಿಡಿಯೋದಿಲ್ಲ. ಆದರೂ ಆ ರಾಜ್ಯ ನಂತರ ನಿಯಮ ಬದಲಿಸಿತು. ಹತ್ತನೇ ತರಗತಿಯಲ್ಲೇ ಒಂದು ಪರೀಕ್ಷೆ ಇಟ್ಟು, ಮುಂದೆ ಬಿಟ್ಟುಹೋದವರಿಗೂ ಒಂದು ಅರ್ಹತೆ ಉಳಿಯುವಂತೆ ಮಾಡಿತು. ವಯಸ್ಕ ವಿದ್ಯಾರ್ಥಿಯ ಮನೆಗೂ ಇಂಥ ಸಂಗತಿ ತಿಳಿಸಲು ದಾರಿ ಮಾಡಿತು. ನನ್ನ ದೃಷ್ಟಿಯಲ್ಲಿ ಇದು ಹೊಣೆ ಒಪ್ಪಿಕೊಂಡಂತೆಯೇ. ಕೊಲೆಯ ಹೊಣೆ ಅಲ್ಲ, ಹೊರಗೆ ಹಾಕಿದ ರೀತಿಯ ಹೊಣೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಚೆಂಗಲ್ಪಟ್ಟಿನಲ್ಲಿ, ಎರ್ಫುರ್ಟಿನಲ್ಲಿ ಕೈಬಿಟ್ಟದ್ದು ತಪ್ಪಾದರೆ, ಸೆಟ್ಲಮೆಂಟಿನಲ್ಲಿ ಕೈಬಿಡದೆ ಗುರುತು ಹಾಕಿದ್ದು ತಪ್ಪು. ಪ್ರತಿ ದುರಂತದ ನಂತರ “ಅಪಾಯಕಾರಿ ಮಕ್ಕಳ ಪಟ್ಟಿ ಮಾಡಿ” ಅನ್ನುವ ಕೂಗು ಏಳುತ್ತದೆ. ಪಟ್ಟಿ ಮಾಡಿದರೆ ಏನಾಗುತ್ತದೆ ಅಂತ ನಮ್ಮ ನಾಡು 40 ವರ್ಷ ನೋಡಿದೆ. ಹಾಗಾಗಿ ಶಾಲೆಗೆ ಕೇಳಬೇಕಾದ ಪ್ರಶ್ನೆಗಳು ಮೂರೇ. ನಿಮಗೆ ಏನು ಗೊತ್ತಿತ್ತು? ನಿಮ್ಮ ಕೈಯಲ್ಲಿ ಏನಿತ್ತು? ಕಳಿಸುವಾಗ ಯಾರ ಕೈಗೆ ಒಪ್ಪಿಸಿದಿರಿ?

ನಮ್ಮ ಇವತ್ತಿನ ಕಾನೂನಿಗೆ ಈ ಅಳತೆಗೋಲು ಹಿಡಿಯೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು, ಮಕ್ಕಳ ಪಾಲನಾ ಸಂಸ್ಥೆಯಿಂದ 18 ತುಂಬಿ ಹೊರಬರುವವರಿಗೆ ಹಣದ ನೆರವು ಕೊಡಬಹುದು ಅನ್ನುತ್ತದೆ. 24ನೇ ಕಲಮು ಹಳೆಯ ಅಪರಾಧದ ಕಳಂಕ ಮುಂದಿನ ಬದುಕಿಗೆ ಅಡ್ಡ ಬರಬಾರದು ಅನ್ನುತ್ತದೆ. ಹಿಂದಿನ ಎರಡು ತಪ್ಪುಗಳಿಗೂ ಇಲ್ಲಿ ಉತ್ತರ ಇದೆ. ಆದರೆ ನಡುವೆ ಒಂದು ಬಿರುಕು ಇದೆ. ಒಂಬತ್ತು, ಹತ್ತನೇ ತರಗತಿಯ ಹುಡುಗ, ಯಾವ ಅಪರಾಧವೂ ಮಾಡಿಲ್ಲ, ಆದರೆ ದಿನಾ ಜಗಳ, ಮನೆಯಲ್ಲಿ ಕುಡಿತ, ರಾತ್ರಿ ನಿದ್ದೆ ಇಲ್ಲ. ಅವನನ್ನು ಕಳಿಸಿಬಿಟ್ಟರೆ 16ನೇ ಕಲಮು ಅವನಿಗೆ ಸಿಗೋದಿಲ್ಲ, 46ನೇ ಕಲಮೂ ಸಿಗೋದಿಲ್ಲ. ಸಿಗೋದು ಒಂದು ಟಿ.ಸಿ. ಅದರಲ್ಲಿ “ನಡತೆ” ಅನ್ನುವ ಕಾಲಮ್ಮು, ಮುಂದೆ “ಉತ್ತಮ” ಅಂತ ಒಂದೇ ಪದ. ಕಳಂಕ ಹಚ್ಚಲಿಲ್ಲ, ಒಳ್ಳೆಯದೇ. ಆದರೆ ಯಾರ ಕೈಗೂ ಒಪ್ಪಿಸಲೂ ಇಲ್ಲ.

ಚರ್ಚೆಯಲ್ಲಿ ಮೇಡಂ ಒಬ್ಬರು ಕೇಳಿದರು: “ಒಬ್ಬ ಮೇಷ್ಟ್ರು ಪಾಠ ಮಾಡಬೇಕಾ, ಬಿಟ್ಟುಹೋದವರ ಮನೆ ಹುಡುಕಿಕೊಂಡು ಹೋಗಬೇಕಾ?” ನ್ಯಾಯವಾದ ಪ್ರಶ್ನೆ. ನಾನು ಶಾಲೆ ಅಂದಾಗ ಮೇಷ್ಟ್ರೊಬ್ಬರನ್ನು ಹೇಳುತ್ತಿಲ್ಲ. ಇಲಾಖೆಯನ್ನು, ಆಡಳಿತ ಮಂಡಳಿಯನ್ನು, ನಿಯಮವನ್ನು ಹೇಳುತ್ತಿದ್ದೇನೆ. ಎರ್ಫುರ್ಟ್ ನಂತರ ಬದಲಾದದ್ದೂ ನಿಯಮವೇ. ಹುಡುಗನನ್ನು ಕಳಿಸುವ ಮೊದಲು ಮನೆಯವರನ್ನು ಕೂರಿಸಿ ಮಾತಾಡುವುದು, ಮುಂದಿನ ಶಾಲೆಯೋ ಐ.ಟಿ.ಐ.ಯೋ ಆಸ್ಪತ್ರೆಯೋ ಒಂದು ಕಡೆ ಸೇರಿದ್ದಾನೆ ಅಂತ ಖಾತ್ರಿ ಮಾಡಿಕೊಳ್ಳುವುದು, ಅದನ್ನು ಪೊಲೀಸ್ ಕಡತಕ್ಕೆ ಹೋಗದಂತೆ ಗುಟ್ಟಾಗಿಡುವುದು: ಇಷ್ಟನ್ನು ನಿಯಮವಾಗಿ ಬರೆಯಬಹುದು. ಇಷ್ಟೆಲ್ಲ ಮಾಡಿಯೂ ಅವನು ಕೊಂದರೆ ಶಾಲೆ ನಿರ್ದೋಷಿ. ಏನೂ ಮಾಡದೆ ಟಿ.ಸಿ. ಕೊಟ್ಟಿದ್ದರೆ, ಅವನು ಯಾರನ್ನೂ ಕೊಲ್ಲದೇ ಇದ್ದರೂ ಶಾಲೆ ತನ್ನ ಕರ್ತವ್ಯ ತಪ್ಪಿದೆ. ಅದಕ್ಕೆ ಹೆಣ ಬೀಳುವ ತನಕ ಕಾಯಬೇಕಾಗಿಲ್ಲ ಅನ್ನುವುದೇ ನನ್ನ ವಾದ. ನಿಮ್ಮ ತಕರಾರು ಕೇಳಲು ಕಾದಿದ್ದೇನೆ.