ಮುಂದಾಳು ಎಂಬ ಆಳು

ಶಿರಸಿಯಿಂದ ಹುಲೇಕಲ್ ಕಡೆಯ ಅಡಿಕೆ ತೋಟಗಳಲ್ಲಿ ಬೆಳಗಿನ ಮಾತುಕತೆ ಬಹುಪಾಲು ‘ಆಳಿ’ನದೇ. ಇವತ್ತು ಎಷ್ಟು ಆಳು, ಗಂಡಾಳೋ ಹೆಣ್ಣಾಳೋ, ಕೊನೆ ಕೊಯ್ಯಲು ಆಳು ಸಿಕ್ಕಿತೋ ಇಲ್ಲವೋ. ಧರೆಯ ಎತ್ತರವನ್ನು ಹೇಳುವುದೂ ಆಳಿನ ಲೆಕ್ಕದಲ್ಲೇ. ಅದೇ ಪದ ಕ್ರಿಯಾಪದವಾದರೆ ನೇರ ಅರಮನೆ ಸೇರುತ್ತದೆ: ಇದೇ ತಾಲ್ಲೂಕಿನ ಬನವಾಸಿಯ ಹೆಸರು ಹೊತ್ತ ಹನ್ನೆರಡು ಸಾವಿರದ ನಾಡನ್ನು ಇಂಥಿಂಥವರು ಆಳುತ್ತಿದ್ದರು ಎಂದು ಶಾಸನಗಳು ಹೇಳುತ್ತವೆ. ಹಳಗನ್ನಡದಲ್ಲಿ ‘ಆಳ್’ ಸೇವಕನಾದರೆ ‘ಆಳ್ದ’ ಒಡೆಯ. ಬೇರು ಒಂದೋ ಎರಡೋ, ಅದನ್ನು ಪಂಡಿತರು ನೋಡಿಕೊಳ್ಳಲಿ. ನನ್ನ ಕುತೂಹಲವೆಲ್ಲ ‘ಮುಂದಾಳು’ ಎಂಬ ಪದದ ಮೇಲೆ. ವೇದಿಕೆಯ ಮೇಲೆ ಸವೆದು ಸವೆದು ಅದೀಗ ಹಾರ ಹಾಕಿಸಿಕೊಳ್ಳುವವನಿಗೆ ಅಂಟಿದ ಬಿರುದಾಗಿದೆ. ಆದರೆ ಕನ್ನಡದ ‘ಮುಂದೆ’ ಜಾಗಕ್ಕೂ ಸಲ್ಲುತ್ತದೆ, ಕಾಲಕ್ಕೂ ಸಲ್ಲುತ್ತದೆ. ಮೆರವಣಿಗೆಯ ಮುಂದೆ ನಡೆಯುವವನೂ ಮುಂದಾಳು, ಮುಂದಿನ ದಿನಗಳಿಗಾಗಿ ದುಡಿಯುವ ಆಳೂ ಮುಂದಾಳು. ನಾವು ಮೊದಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತೆವು. ಪದದ ಒಳಗೆ ‘ಆಳು’ ಇದೆಯೆಂಬುದನ್ನಂತೂ ಮರೆತೇಬಿಟ್ಟೆವು.

ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ದೂರವಾಣಿ ಕಂಪನಿಯೊಂದರಲ್ಲಿ ಬಹುಕಾಲ ದುಡಿದವರು. ಸೇವಕನಾದವನೇ ನಿಜವಾದ ನಾಯಕ ಎಂದು 1970ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಮುಂದಾಲೋಚನೆಯನ್ನು ಅವರು ಜಾಣತನದ ಪಟ್ಟಿಯಿಂದ ತೆಗೆದು ನೀತಿಯ ಪಟ್ಟಿಗೆ ಸೇರಿಸಿದ್ದು. ಏನಾದರೂ ಮಾಡಲು ಅವಕಾಶವಿದ್ದಾಗ ಮುಂದಿನದನ್ನು ಯೋಚಿಸದೆ ಕುಳಿತು, ಕೈಮೀರಿದ ಮೇಲೆ ಪರಿತಪಿಸುವ ನಾಯಕ ಎಡವಿದ್ದಲ್ಲ, ತಪ್ಪು ಮಾಡಿದ್ದು ಎಂಬುದು ಅವರ ವಾದ. ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆಮದ್ದನ್ನು ಹೊಡೆಯುವುದು ಮಳೆ ಹಿಡಿಯುವ ಮುಂಚೆ, ಕೊನೆಯ ಮೇಲೆ ಒಂದು ಕಾಯಿಯೂ ಕೆಟ್ಟಿರದ ಹೊತ್ತಿಗೆ. ನಲವತ್ತು ನಲವತ್ತೈದು ದಿನ ಬಿಟ್ಟು, ಮಳೆಯ ನಡುವೆ ಬಿಸಿಲಿನ ಬಿಡುವು ಹುಡುಕಿ ಮತ್ತೊಮ್ಮೆ. ಉದುರಿದ ಹಸಿರು ಕಾಯಿ ಕಂಡಮೇಲೆ ಮದ್ದು ಕಲಸಲು ಹೊರಟವನನ್ನು ಯಾರೂ ದುರದೃಷ್ಟವಂತ ಎನ್ನುವುದಿಲ್ಲ.

ಊರಿನ ಮಟ್ಟದಲ್ಲಿ ಇಂಥ ಮುಂದಾಳುತನ ಹೇಗಿರುತ್ತದೆಂದು ನೋಡಲು ಶಿರಸಿಯಲ್ಲೇ ಒಂದು ಪ್ರಸಂಗವಿದೆ. ಬೆಳೆಗಾರರ ಅಡಿಕೆ ಮಾರಿಕೊಡಲು 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್‌ಎಸ್. ಅದರ ಕೆಲಸ ತೂಕ, ಟೆಂಡರು, ಪಾವತಿ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದು, ಯಲ್ಲಾಪುರ–ಶಿರಸಿ ಕಡೆಯ ತೋಟ, ಕಾಡು ಮುಳುಗುವ ಮಾತು ಎದ್ದಾಗ ಈ ಸೊಸೈಟಿ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರ ಜನವರಿಯಲ್ಲಿ ಶಿರಸಿಗೆ ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭ–ನಷ್ಟವನ್ನು ಎಲ್ಲರೆದುರು ಒರೆಗೆ ಹಚ್ಚಲು ಕೂರಿಸಿತು. ಅಡಿಕೆ ವ್ಯಾಪಾರದ ಸಂಸ್ಥೆಯೊಂದು ಕಾಡಿನ ಬೆಲೆ ಎಷ್ಟು ಎಂದು ಕೇಳಿದ್ದು ಆ ಕಾಲಕ್ಕೆ ಹೊಸ ಸಂಗತಿ. ಯೋಜನೆ ಮುಂದೆ ನೆನೆಗುದಿಗೆ ಬಿತ್ತು.

ಅಣೆಕಟ್ಟು ಆಗಲೇ ಇಲ್ಲವಲ್ಲ, ಆಗಿದ್ದರೆ ಕೆಡುಕೇ ಆಗುತ್ತಿತ್ತೆಂದು ಹೇಗೆ ಹೇಳುತ್ತೀರಿ, ಗೆದ್ದವರ ಊಹೆಗೆ ಆಮೇಲೆ ದೂರದೃಷ್ಟಿ ಎಂಬ ಹೆಸರು ಬರುತ್ತದೆ ಅಷ್ಟೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬೇಡ್ತಿಯವರು ಭವಿಷ್ಯ ನುಡಿಯಲಿಲ್ಲ. ಸಿದ್ದಾಪುರದ ಗಡಿಯಾಚೆ, ಸಾಗರದ ಕಡೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಜನ ಎಲ್ಲೆಲ್ಲಿಗೋ ಚದುರಿದ್ದನ್ನು ಇಲ್ಲಿಯವರು ಬಲ್ಲರು. ನೆರೆಯವರ ನಿನ್ನೆಯನ್ನು ಓದಿದವರಿಗೆ ತಮ್ಮ ನಾಳೆಯ ಲೆಕ್ಕ ಹಾಕಲು ಜೋಯಿಸರು ಬೇಕಿಲ್ಲ. ಮುಂದಾಲೋಚನೆಯ ಅರ್ಧ ಭಾಗ ನೆನಪು, ಉಳಿದರ್ಧ ಕೂಡಿ ಕಳೆಯುವ ತಾಳ್ಮೆ. ಎರಡೂ ದಿನನಿತ್ಯ ಜನರ ಲೆಕ್ಕಪುಸ್ತಕ ಬರೆಯುವವನಿಗೆ ಒದಗಿದಷ್ಟು ಸುಲಭವಾಗಿ ಎತ್ತರದಲ್ಲಿ ಕುಳಿತವನಿಗೆ ಒದಗುವುದಿಲ್ಲ. ಸೇವೆಗೂ ಮುಂಗಾಣ್ಕೆಗೂ ಇರುವ ನಂಟು ಇಲ್ಲಿದೆ ಎಂಬುದೇ ನನ್ನ ವಾದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಮುಂದಾಳನ್ನು ಆಳು ಎನ್ನುವುದು ಉಳ್ಳವರ ವಿನಯದ ವೇಷ. ಕೂಲಿಯ ಆಳಿಗೆ ಮುಂದಿನದನ್ನು ಯೋಚಿಸುವ ಅಧಿಕಾರ ಕೊಟ್ಟವರು ಯಾರು? ಬೇಡ್ತಿಯಲ್ಲಿ ದನಿ ಕೇಳಿಸಿದ್ದು ಓದು, ತೋಟ, ಸೊಸೈಟಿ ಇದ್ದವರದು. ಶರಾವತಿಯ ಗೇಣಿದಾರರಿಗೆ ಅವು ಇರಲಿಲ್ಲ. ಇದನ್ನು ಒಪ್ಪಲೇಬೇಕು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯೂ ಆಳಿಗೆ ದುಡಿಮೆ ಮತ್ತು ಊಟವನ್ನು ಕೊಟ್ಟಿತೇ ಹೊರತು ಆಲೋಚನೆಯನ್ನು ಕೊಡಲಿಲ್ಲ. ಮರದ ತುದಿಯಲ್ಲಿ ಕೊಳೆಯ ಮೊದಲ ಚುಕ್ಕೆ ಕಾಣುವುದು ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ. ತೀರ್ಮಾನ ಮಾತ್ರ ಒಡೆಯನ ಜಗಲಿಯ ಮೇಲೆ. ಹಾಗೆಂದು ವಾದ ಮುರಿದುಬೀಳುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ: ನೋಡುವವನನ್ನೂ ನಿರ್ಧರಿಸುವವನನ್ನೂ ಬೇರೆ ಮಾಡಿದಷ್ಟೂ ಮುಂದಾಲೋಚನೆ ಕುರುಡಾಗುತ್ತದೆ. 1983ರ ಸೆಪ್ಟೆಂಬರ್ 8ರಂದು ಹುಲೇಕಲ್ ಕಡೆಯ ಸಾಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿನಿಂತರು. ಸಹಜ ಕಾಡು ಹೋದರೆ ಹಳ್ಳದ ನೀರು ಹೋಗುತ್ತದೆಂದು ಅವರಿಗೆ ಯಾವ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ. ಸೊಪ್ಪು, ಸೌದೆ, ನೀರಿಗಾಗಿ ದಿನವೂ ಅದೇ ಬೆಟ್ಟ ಹತ್ತುವವರಿಗೆ ಅದು ಕಣ್ಣೆದುರಿನ ಸಂಗತಿ. ಅಪ್ಪಿಕೋ ಚಳವಳಿ ಹೀಗೆ ಶುರುವಾಯಿತು.

ಈಗ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆ ಎದ್ದಿದೆ, ವಿರೋಧವೂ ಎದ್ದಿದೆ. ಅದನ್ನು ಎದುರಿಸುವ ರೀತಿ ಈ ಸೀಮೆಗೆ ಗೊತ್ತು. ಕಷ್ಟದ ಪರೀಕ್ಷೆ ಬೇರೆ ಇದೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಎಲೆಚುಕ್ಕಿ ರೋಗ ಹಬ್ಬುತ್ತಿದೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ಅಡಿಕೆಯಿಂದಲೇ ನಡೆಯುವ ಸೊಸೈಟಿಯ ಅಧ್ಯಕ್ಷನಾಗಲಿ, ಗ್ರಾಮದ ಸೇವಾ ಸಹಕಾರಿ ಸಂಘದ ನಿರ್ದೇಶಕನಾಗಲಿ, ತನಗೆ ಮತ ಹಾಕುವ ಸದಸ್ಯರೆದುರು ಇದನ್ನು ಎತ್ತುವುದು ಹೇಗೆ? ಒಡೆಯನಿಗೆ ಹಿತವಾದದ್ದನ್ನೇ ಹೇಳುವುದು ಆಳಿನ ಹಳೆಯ ಅಭ್ಯಾಸ. ಬೆಂಗಳೂರಿನಿಂದ ಬಂದ ಯೋಜನೆಯ ಲೆಕ್ಕ ಕೇಳಲು ಸಭೆ ಕರೆದಷ್ಟು ಸಲೀಸಲ್ಲ, ಸ್ವಂತ ಬೆಳೆಯ ಮುಂದಿನ ಮೂವತ್ತು ವರ್ಷಗಳ ಲೆಕ್ಕ ಕೇಳಲು ಕರೆಯುವುದು. ಕರೆದರೆ ಜಗಲಿಯ ಮೇಲಿನವರ ಜೊತೆಗೆ ಕೊನೆಗೌಡರಿಗೂ ಒಂದು ಸಾಲು ಕುರ್ಚಿ ಹಾಕಿಸಬೇಕು.